ಇಬ್ಬರ ‘ನಾನೇ’ ಬೇರೆ ಬೇರೆ

ನಮ್ಮ ಅವಳಿ ಮಕ್ಕಳಿಗೆ ಈಗ ಎರಡೂವರೆ ವರ್ಷ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕೇಳಿಬರುವ ಮಾತು ‘ನಾನೇ’. ಹೊರಡುವ ಅವಸರದಲ್ಲಿ ಮಗಳು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು, ಕಿತ್ತು, ಮತ್ತೆ ಅದೇ ಕಾಲಿಗೆ ಹಾಕಿಕೊಳ್ಳುವುದನ್ನು ನೋಡುತ್ತ ಸುಮ್ಮನಿರುವುದು ಸುಲಭವಲ್ಲ. ಆದರೂ ಈಚೆಗೆ ನಾನು ಕೈ ಹಾಕುವುದನ್ನು ಬಿಟ್ಟು, ಹತ್ತು ನಿಮಿಷ ಮೊದಲೇ ಹೊರಡಲು ಶುರು ಮಾಡಿದ್ದೇನೆ.

ಎರಡು ವಾರದ ಹಿಂದೆ ಶಿಡ್ಲಘಟ್ಟದ ಬಳಿಯ ನನ್ನ ತವರಿಗೆ ಹೋದಾಗ ರೇಷ್ಮೆ ಹುಳುಗಳು ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಮುಗಿಸಿ ಎದ್ದಿದ್ದವು. ಸುಮಾರು 25 ದಿನಗಳ ಬೆಳೆಯಲ್ಲಿ ಅವು ತಿನ್ನುವ ಸೊಪ್ಪಿನ ಬಹುಪಾಲು ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ರೋಗ ತಗುಲೀತೆಂಬ ಭಯದಿಂದ ದೊಡ್ಡವರೇ ಕೈಕಾಲು ತೊಳೆಯದೆ ಹುಳುಮನೆಯೊಳಗೆ ಕಾಲಿಡುವಂತಿಲ್ಲವಾದ್ದರಿಂದ, ಅಪ್ಪ ನಾಲ್ಕು ಹುಳುಗಳನ್ನು ಹಿಪ್ಪುನೇರಳೆ ಸೊಪ್ಪಿನ ಜೊತೆ ಮೊರದಲ್ಲಿ ಹಾಕಿ ಜಗಲಿಗೆ ತಂದಿಟ್ಟರು. ಮಗಳು ತಕ್ಷಣ ಬೆರಳಿಟ್ಟಳು. ಮಗ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟ. “ಬಾರಪ್ಪ, ನೀನೂ ಮುಟ್ಟು” ಎಂದು ನಾನು ಅವನ ಕೈ ಹಿಡಿಯಲು ಹೋದಾಗ ಅಪ್ಪ, “ಬಿಡಮ್ಮ, ನೋಡ್ತಾವ್ನೆ” ಎಂದರು. ಬಹಳ ಹೊತ್ತಿನ ಮೇಲೆ ಅವನು ಎದ್ದು ಹುಳುಮನೆಯ ಜಾಲರಿ ಬಾಗಿಲಿಗೆ ಕಿವಿಯಿಟ್ಟು, ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿ, “ಮಳೆ” ಎಂದ. ಹೊರಗೆ ಬಿಸಿಲು ಸುಡುತ್ತಿತ್ತು.

ಅಂದು ಸಂಜೆಯೇ ಬಂಧುಗಳೊಬ್ಬರು “ಇವಳು ಚುರುಕು, ಅವನು ಪುಕ್ಕಲು” ಎಂದು ಮಕ್ಕಳ ಎದುರಿಗೇ ತೀರ್ಪು ಕೊಟ್ಟರು. ಈ ಮಾತು ನನಗೆ ನಿಜವಾಗಿಯೂ ನೋವು ತಂದಿತು. ಮುಟ್ಟಿ ತಿಳಿಯುವುದು ಕುತೂಹಲವಾದರೆ ಕಾದು, ಕೇಳಿ ತಿಳಿಯುವುದೂ ಕುತೂಹಲವೇ. ಒಂದೇ ದಿನ ಹುಟ್ಟಿದವರೆಂಬ ಕಾರಣಕ್ಕೆ ಒಬ್ಬರನ್ನು ಇನ್ನೊಬ್ಬರಿಗೆ ಅಳತೆಗೋಲಾಗಿ ಹಿಡಿಯುವುದು ಇಬ್ಬರಿಗೂ ಮಾಡುವ ಅನ್ಯಾಯವೆಂದು ನಾನು ನಂಬಿದ್ದೇನೆ. ಅವಳಿ ಮಕ್ಕಳಲ್ಲಿ ಮಾತು ಸ್ವಲ್ಪ ತಡವಾಗುವುದು ಸಾಮಾನ್ಯ. ಅನೇಕರು ದಿನ ತುಂಬುವ ಮೊದಲೇ ಹುಟ್ಟಿರುತ್ತಾರೆ, ಮೇಲಾಗಿ ದೊಡ್ಡವರ ಮಾತು ಸದಾ ಇಬ್ಬರಿಗೂ ಸೇರಿಸಿ ಆಡಿದ್ದಾಗಿರುತ್ತದೆ. ಆದ್ದರಿಂದ ಈಗ ಸಂಜೆ ಒಬ್ಬರು ನನ್ನ ಜೊತೆ ಹಾಲಿನ ಡೈರಿಗೆ ಬಂದರೆ ಇನ್ನೊಬ್ಬರು ತಂದೆಯ ಜೊತೆ ಅಂಗಡಿಗೆ ಹೋಗುತ್ತಾರೆ, ಮರುದಿನ ಅದಲುಬದಲು. ಪಕ್ಕದಲ್ಲಿ ಅಕ್ಕ ಇಲ್ಲದಾಗ ಮಗ ದಾರಿಯುದ್ದಕ್ಕೂ ಮಾತಾಡುತ್ತಾನೆಂಬುದು ನನಗೆ ತಿಳಿದದ್ದು ಹೀಗೆಯೇ. (ಅವಳು ಆರು ನಿಮಿಷ ದೊಡ್ಡವಳು, ಅಷ್ಟಕ್ಕೇ ಅಕ್ಕ.)

ಸ್ವಾತಂತ್ರ್ಯವೆಂದರೆ ಮೈಮರೆವಲ್ಲ. ಒಬ್ಬಳನ್ನು ಹಿಡಿದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಎಲ್ಲಿಗೋ ಹೋಗಿರುತ್ತಾನಾದ್ದರಿಂದ, ಮಕ್ಕಳನ್ನು ತಡೆಯುವುದಕ್ಕಿಂತ ಮನೆಯನ್ನೇ ಬದಲಿಸುವುದು ಮೇಲೆಂಬ ತೀರ್ಮಾನಕ್ಕೆ ನಾವು ಬಂದಿದ್ದೇವೆ. ನೀರು ಯಾವಾಗ ಬಂದರೆ ಆಗ ತುಂಬಿಸಿಕೊಳ್ಳುವ ನಮ್ಮ ಊರುಗಳಲ್ಲಿ ಪ್ರತಿ ಮನೆಗೂ ಸಂಪು, ಡ್ರಮ್ಮು, ಬಕೆಟ್ಟುಗಳಿವೆ; ಗೇಣುದ್ದ ನೀರಿರುವ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೂ ಈ ವಯಸ್ಸಿನ ಮಗು ಮುಳುಗಬಹುದು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದ್ದೇವೆ, ಬಚ್ಚಲಿನ ಬಕೆಟ್ಟುಗಳು ಖಾಲಿಯಾಗಿ ಬೋರಲು ಬಿದ್ದಿರುತ್ತವೆ. ಹುರಿದ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ನನ್ನ ಅಮ್ಮ ಅದನ್ನು ಬೆಲ್ಲದ ಜೊತೆ ಕುಟ್ಟಿ ಪುಡಿ ಮಾಡಿಕೊಡುತ್ತಾರೆ. ಮೊಬೈಲ್ ಕೊಟ್ಟರೆ ಇಬ್ಬರೂ ಒಂದೇ ಕಡೆ ಕೂರುತ್ತಾರೆಂಬುದು ನಿಜ. ಆದರೆ ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮನೆಯ ಕೆಳಗಿನ ಕಪಾಟಿನಲ್ಲಿ ಸ್ಟೀಲ್ ಡಬ್ಬಿ, ಜರಡಿ, ಮರದ ಸೌಟುಗಳನ್ನು ಅವರಿಗೆಂದೇ ಇಟ್ಟ ಮೇಲೆ ನನಗೆ ಮೊಬೈಲಿನ ಅಗತ್ಯ ಅಷ್ಟಾಗಿ ಕಂಡಿಲ್ಲ.

ಹೊರಗೆ ಬಂದ ಆ ನಾಲ್ಕು ಹುಳುಗಳನ್ನು ಅಪ್ಪ ಮತ್ತೆ ಹುಳುಮನೆಗೆ ಬಿಡಲಿಲ್ಲ. ರಟ್ಟಿನ ಡಬ್ಬಿಯಲ್ಲಿ ಸೊಪ್ಪಿನ ಸಮೇತ ನಮಗೆ ಕೊಟ್ಟು ಕಳಿಸಿದರು. ನಾಲ್ಕೂ ಗೂಡು ಕಟ್ಟಿವೆ. ಮಗಳು ತನ್ನದೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೋಶವಾಗಿರುವ ಹುಳು ಲೊಟಲೊಟ ಎನ್ನುವುದನ್ನು ಮತ್ತೆ ಮತ್ತೆ ಕೇಳುತ್ತಾಳೆ. ಮಗ ತನ್ನ ಗೂಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರೂ ಮುಟ್ಟದಂತೆ ಕಾಯುತ್ತಿದ್ದಾನೆ. ಇನ್ನೊಂದು ವಾರದೊಳಗೆ ಚಿಟ್ಟೆ ಹೊರಬರಬೇಕು.