ಟೆರಿಯರ್‌ಗೆ ಧೈರ್ಯ ಜಾಸ್ತಿ, ತೊಂದರೆ ಇರುವುದೂ ಅಲ್ಲೇ

ಟೆರಿಯರ್ ಜಾತಿಯ ಬೇಟೆನಾಯಿ ಚಿಕ್ಕದು, ಚುರುಕು, ಹಾಗಾಗಿ ಕಾಡುಹಂದಿ ಬೇಟೆಗೆ ಅದೇ ಸರಿ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಅರ್ಧ ಮಾತು ಒಪ್ಪುತ್ತೇನೆ. ದೊಡ್ಡ ನಾಯಿ ನುಗ್ಗಲಾಗದ ಮುಳ್ಳುಪೊದೆಗೆ ಜರ್ಮನಿಯ ಯಾಗ್ಡ್‌ಟೆರಿಯರ್ ಎಂಬ ತಳಿ ಸಲೀಸಾಗಿ ನುಗ್ಗುತ್ತದೆ, ಬೊಗಳಿ ಬೊಗಳಿ ಹಂದಿಯನ್ನು ಎಬ್ಬಿಸುತ್ತದೆ. ಈ ಕೆಲಸಕ್ಕೆ ಅದನ್ನು ಮೀರಿಸುವುದು ಕಷ್ಟ.

ಆದರೆ ತೂಕ ನೋಡಿ. ನಾಯಿ ಸುಮಾರು 10 ಕಿಲೋ, ಬೆಳೆದ ಗಂಡು ಹಂದಿ ಎಷ್ಟೋ ಸಲ 100 ಕಿಲೋ ದಾಟಿರುತ್ತದೆ. ದೂರ ನಿಂತು ಬೊಗಳಿದರೆ ಸಾಕು, ಆದರೆ ಟೆರಿಯರ್‌ಗೆ ಸುಮ್ನೆ ನಿಲ್ಲುವುದು ಗೊತ್ತೇ ಇಲ್ಲ, ಅಲ್ವಾ? ಹಂದಿ ತಲೆಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಝಾಡಿಸಿದರೆ ಕೋರೆ ಎದೆ, ಕುತ್ತಿಗೆ, ಹೊಟ್ಟೆ ಸೀಳುತ್ತದೆ. ಹೊರಗೆ ಸಣ್ಣ ತೂತು ಕಂಡರೂ ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರಬಹುದು. ಕೊಳೆ ಸೇರಿ ಕೀವಾಗುತ್ತದೆ. ಕವಚ ಹಾಕಲೇಬೇಕು, ಆದರೂ ಮುಖ, ಕಾಲು ಬಯಲಲ್ಲೇ ಇರುತ್ತವೆ. ಸಾಲದ್ದಕ್ಕೆ ಕವಚದೊಳಗೆ ಸೆಕೆಯಲ್ಲಿ ನಾಯಿಯ ಮೈ ಬೇಗ ಕಾಯುತ್ತದೆ.

ಲೇಖನ ಬಿಟ್ಟ ಒಂದು ಮುಖ್ಯ ವಿಷಯ ಔಜೆಸ್ಕಿ ರೋಗ, ಅಂದರೆ ಹಂದಿಗಳಲ್ಲಿ ಇರುವ ಒಂದು ವೈರಸ್ ಸೋಂಕು. ಸೋಂಕಿದ ಹಂದಿಯನ್ನು ಕಚ್ಚಿದರೂ, ಹಸಿ ಮಾಂಸ ತಿಂದರೂ ನಾಯಿಗೆ ತಗಲಬಹುದು. ತಗಲಿದರೆ ಚಿಕಿತ್ಸೆ ಇಲ್ಲ, ಕೆಲವೇ ದಿನಗಳಲ್ಲಿ ನಾಯಿ ಸಾಯುತ್ತದೆ. ಬೇಟೆಯಾದ ಮೇಲೆ ಹಸಿ ತುಂಡು ಎಸೆಯುವ ಅಭ್ಯಾಸ ಇದ್ದವರು ದಯವಿಟ್ಟು ಇವತ್ತೇ ಬಿಡಿ. ಕರೆದರೆ ವಾಪಸ್ ಬರದ ಟೆರಿಯರನ್ನು ಹಂದಿಯ ಹಿಂದೆ ಬಿಡಲೂಬೇಡಿ.