ಆ 14 ನಾನು ಬರೆದದ್ದಲ್ಲ

ಬಾಡಿಗೆ ಕರಾರನ್ನು ವರ್ಡ್ ಫೈಲಾಗಿ ತಯಾರಿಸುವ ಕೋಡ್ ನನ್ನದು, ಆದರೆ ಅದರಲ್ಲಿ ತಪ್ಪಾಗಿ ಬಂದ ಆ 14 ನನ್ನದಲ್ಲ. ಬೇಕಾದರೆ ಫೈಲ್ ಬಿಚ್ಚಿ ನೋಡಿ. ಡಾಕ್ಸ್, ಅಂದರೆ ವರ್ಡ್ ಫೈಲು, ಹಲವು ಫೈಲುಗಳನ್ನು ಕಟ್ಟಿಟ್ಟ ಒಂದು ಜಿಪ್ ಅಷ್ಟೆ. ಒಳಗೆಲ್ಲ ಎಕ್ಸ್‌ಎಮ್‌ಎಲ್, ಅಂದರೆ ಗುರುತು ಹಾಕಿದ ಬರಹ. ಹುಡುಕಿದರೆ ಸೀಲಿಂಗ್ ಫ್ಯಾನ್ ಅಂತ ಸಿಗುತ್ತೆ. ಅದರ ಪಕ್ಕ 14 ಸಿಗಲ್ಲ. ಯಾಕೆಂದರೆ ಆ ಅಂಕಿ ಅಲ್ಲಿ ಇಲ್ಲವೇ ಇಲ್ಲ! ಈ ಪ್ಯಾರಾ ಯಾವ ಪಟ್ಟಿಗೆ ಸೇರಿದ್ದು, ಎಷ್ಟನೇ ಮಟ್ಟದ್ದು ಅಂತ ಎರಡು ಗುರುತು ಇರುತ್ತೆ, ಮುಗೀತು. ಎಣಿಸುವುದು ವರ್ಡ್. ಬೈಸಿಕೊಳ್ಳುವುದು ನಾನು.

ಜಯನಗರದಲ್ಲಿ ವಕೀಲರ ಆಫೀಸು. ಪಕ್ಕದಲ್ಲೇ ನಮ್ಮ ಬಾಸ್. 11 ತಿಂಗಳ ಬಾಡಿಗೆ ಕರಾರು, ಈ ಊರಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಸಹಿ ಹಾಕಿರುವಂಥದ್ದೇ. ಷರತ್ತುಗಳು 1ರಿಂದ 13. ಸರಿಯಾಗೇ ಬಂತು. ಕೆಳಗೆ ಶೆಡ್ಯೂಲ್, ಮನೆಯಲ್ಲಿರುವ ಸಾಮಾನಿನ ಪಟ್ಟಿ. ಗೋಡೆ ಮೇಲಿನ ದೊಡ್ಡ ಟೀವಿಯಲ್ಲಿ, ಎಲ್ಲರ ಕಣ್ಣೆದುರಿಗೆ: 14. ಸೀಲಿಂಗ್ ಫ್ಯಾನ್. 15. ಟ್ಯೂಬ್‌ಲೈಟ್. 16. ಗೀಸರ್.

ವಕೀಲರು ಕನ್ನಡಕ ಹಣೆಗೇರಿಸಿದರು. "ಏನಪ್ಪಾ, ಹದಿನಾಲ್ಕು ಫ್ಯಾನಾ? ಇದು ಬಾಡಿಗೆ ಮನೆನೋ, ಮದುವೆ ಛತ್ರನೋ?"

ಎಲ್ಲರೂ ನಕ್ಕರು. ಕಾಫಿ ತಂದ ಹುಡುಗನೂ ನಕ್ಕ. ಅದೆಲ್ಲ ಇರಲಿ, ನಮ್ಮ ಬಾಸ್ ನಕ್ಕರಲ್ಲ, ಅದು ಮಾತ್ರ ಇನ್ನೂ ಅರಗುತ್ತಿಲ್ಲ.

"ಸಾರ್, ಅದು ನಂಬರಿಂಗ್ ಡೆಫಿನಿಷನ್..." ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಲ್ಲಿ ಟೈಪಿಂಗ್ ಮಾಡುವ ಮೇಡಂ ಎದ್ದು ಬಂದರು. ಮೌಸನ್ನು ನನ್ನ ಕೈಯಿಂದಲೇ ತೆಗೆದುಕೊಂಡರು. 14ರ ಮೇಲೆ ರೈಟ್ ಕ್ಲಿಕ್, ರೀಸ್ಟಾರ್ಟ್ ಅಟ್ ಒನ್. 1, 2, 3. "ಇಷ್ಟೇ ಅಲ್ವಾ ಸಾರ್?" ಅಂದರು. ಪಾಪ, ಒಳ್ಳೇ ಮನಸ್ಸಿಂದಲೇ ಅಂದರು. ವಕೀಲರು "ಇಷ್ಟಕ್ಕೆ ಕೋಡ್ ಬೇರೆ ಕೇಡು" ಅಂದರು. ಬಾಸ್ ನನ್ನ ಕಡೆ ತಿರುಗಿ, "ಒಂದು ಎರಡು ಮೂರು ಬರೆಯೋಕೆ ಎಷ್ಟು ದಿನ ಬೇಕ್ರೀ ನಿಮಗೆ?"

ಕೈ ಇನ್ನೂ ಮೇಜಿನ ಮೇಲೆ, ಮೌಸ್ ಹಿಡಿದ ಆಕಾರದಲ್ಲೇ ಇತ್ತು. ತೆಗೆದು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ.

ಇಷ್ಟೇ ಅಲ್ಲ ಮೇಡಂ! ಆ ಕ್ಲಿಕ್ ಹಿಂದೆ ಏನಾಗುತ್ತೆ ಗೊತ್ತಾ? ನಂಬರಿಂಗ್‌ಗೆ ಅಂತಲೇ ಜಿಪ್ಪೊಳಗೆ ಇನ್ನೊಂದು ಎಕ್ಸ್‌ಎಮ್‌ಎಲ್ ಫೈಲ್ ಇದೆ. ಅದರಲ್ಲಿ ಆಬ್‌ಸ್ಟ್ರಾಕ್ಟ್‌ನಮ್ ಅಂತ ಒಂದು. ಅಂಕಿಯೋ ಅಕ್ಷರವೋ, ಎಷ್ಟು ಒಳಗೆ ಸರಿದಿರಬೇಕು, ಎಲ್ಲ ಅಲ್ಲಿ, 9 ಮಟ್ಟದವರೆಗೆ. ಆಮೇಲೆ ನಮ್ (num) ಅಂತ ಇನ್ನೊಂದು, ಅಂದರೆ ಒಂದೊಂದು ಪಟ್ಟಿಯ ಹೆಸರು. ಪ್ಯಾರಾ ನಮ್ ಕಡೆ ಕೈ ತೋರಿಸುತ್ತೆ, ನಮ್ ಆಬ್‌ಸ್ಟ್ರಾಕ್ಟ್‌ನಮ್ ಕಡೆ ಕೈ ತೋರಿಸುತ್ತೆ. ಹೊಸ ನಮ್ ಮಾಡಿದರೆ ಎಣಿಕೆ ಹೊಸದಾಗಿ ಶುರು ಅಂದುಕೊಂಡಿರಾ? ಇಲ್ಲ. ಹಿಂದಿರುವ ಆಬ್‌ಸ್ಟ್ರಾಕ್ಟ್‌ನಮ್ ಅದೇ ಆದರೆ ವರ್ಡ್ ಎಣಿಕೆ ಮುಂದುವರಿಸುತ್ತೆ. ಬ್ಯಾಂಕಲ್ಲಿ ಕೌಂಟರ್ ಎರಡಿದ್ದರೂ ಟೋಕನ್ ಮಿಷನ್ ಒಂದೇ ಇದ್ದ ಹಾಗೆ. ಹೊಸ ನಮ್ ಒಳಗೆ ಲೆವೆಲ್ ಓವರ್‌ರೈಡ್, ಅದರೊಳಗೆ ಸ್ಟಾರ್ಟ್ ಓವರ್‌ರೈಡ್, ಅದಕ್ಕೆ 1 ಅಂತ ಕೊಟ್ಟರೆ ಮಾತ್ರ ಮೊದಲಿಂದ. ನಿಮ್ಮ ಕ್ಲಿಕ್ ಒಂದು ಫೈಲಿಗೆ ಮಾಡಿದ್ದು ಇದನ್ನೇ. ನಾನು ಪ್ರತಿ ಕರಾರಿಗೂ ಕೋಡಲ್ಲೇ ಮಾಡಿಸಬೇಕು.

ಕೋಡಿಂದ ವರ್ಡ್ ಫೈಲ್ ಮಾಡೋಕೆ ನಾನು ಬಳಸುವ ಪೈಥಾನ್-ಡಾಕ್ಸ್ ಅನ್ನೋ ಲೈಬ್ರರಿಯಲ್ಲಿ "ಮೊದಲಿಂದ ಎಣಿಸು" ಅನ್ನೋಕೆ ಒಂದು ಫಂಕ್ಷನ್ ಕೂಡ ಇಲ್ಲ. ಲಿಸ್ಟ್ ನಂಬರ್ ಅಂತ ಸ್ಟೈಲ್ ಇದೆ, ಹಾಕಿದರೆ ಇಡೀ ಫೈಲಿಗೆ ಒಂದೇ ಎಣಿಕೆ. ಬೇಡ ಅಂದರೆ ಎಕ್ಸ್‌ಎಮ್‌ಎಲ್‌ಗೆ ನೀನೇ ಕೈ ಹಾಕು. ಅಲ್ಲೂ ಮಡಿ. ಆಬ್‌ಸ್ಟ್ರಾಕ್ಟ್‌ನಮ್‌ಗಳೆಲ್ಲ ಮೊದಲು ಬರಬೇಕು, ನಮ್‌ಗಳು ಆಮೇಲೆ. ಮಟ್ಟಗಳ ಎಣಿಕೆ 0ಯಿಂದ ಶುರು, ಆದರೆ ಅದೇ ಮೊದಲ ಮಟ್ಟದ ಅಂಕಿ ಬೇಕು ಅಂದರೆ ಪರ್ಸೆಂಟ್ 1 ಅಂತ ಬರೆಯಬೇಕು. ಮಾಡಿದವರಿಗೇ ಎಲ್ಲಿಂದ ಎಣಿಸಬೇಕು ಅನ್ನೋದು ತೀರ್ಮಾನ ಆಗಿಲ್ಲ, ನನಗೆ ಎಲ್‌ಕೆಜಿ ಪಾಠ. ಈ ಫೈಲ್ ಹೇಗಿರಬೇಕು ಅನ್ನೋಕೆ ಒಂದು ಸ್ಟ್ಯಾಂಡರ್ಡ್ ಬೇರೆ ಇದೆ: 2006ರಲ್ಲಿ ಇಸಿಎಮ್‌ಎ-376, 2008ರಲ್ಲಿ ಐಎಸ್‌ಒ 29500, ಸಾವಿರಾರು ಪುಟ. ಪೂರ್ತಿ ಓದಿದ್ದೀನಿ ಅನ್ನಲ್ಲ. ನಂಬರಿಂಗ್ ಭಾಗ ಓದಿದ್ದೀನಿ, ಮೆಟ್ರೋದಲ್ಲಿ ನಿಂತುಕೊಂಡೇ.

ಹೋಗಲಿ ಬಿಡಿ. ವಕೀಲರಿಗೆ ಇದೆಲ್ಲ ಯಾಕೆ ಬೇಕು? ಕಾಗದದಲ್ಲಿ 1 ಕಾಣಬೇಕು, ಕಾಣಲಿಲ್ಲ. ಅವರ ತಪ್ಪೇನಿದೆ.

ಇದೆ! ತಪ್ಪು ಅವರದ್ದೇ! ಟೆಂಪ್ಲೇಟ್ ಕೊಟ್ಟಿದ್ದು ಯಾರು? ಹಳೇ ಕರಾರುಗಳಿಂದ ಕಾಪಿ ಪೇಸ್ಟ್ ಮಾಡಿ ಮಾಡಿ, ಷರತ್ತನ್ನೂ ಸಾಮಾನನ್ನೂ ಒಂದೇ ಪಟ್ಟಿಗೆ ಕಟ್ಟಿಟ್ಟಿದ್ದರು. ಶೆಡ್ಯೂಲಿಗೆ ಬೇರೆ ಪಟ್ಟಿ ಮಾಡ್ತೀನಿ ಸಾರ್ ಅಂತ ಮೊದಲೇ ಕೇಳಿದ್ದೆ. "ಅದೆಲ್ಲ ಮುಟ್ಟಬೇಡಿ, ಸುಮ್ನೆ ಹೆಸರು, ವಿಳಾಸ, ಅಡ್ವಾನ್ಸ್ ತುಂಬಿ ಸಾಕು" ಅಂತ ಮೇಲ್ ಹಾಕಿದ್ದು ಬಾಸ್. ಆ ಮೇಲ್ ಈಗಲೂ ಇದೆ. ಟೀವಿಗೆ ಹಾಕಬೇಕಿದ್ದದ್ದು ಅದನ್ನ. ಹಾಕಲಿಲ್ಲ. ಇಎಂಐ ಇದೆಯಲ್ಲ.

ಅಮ್ಮ ಹಾಸನದಲ್ಲಿ ಎಲ್ಲರಿಗೂ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಅಂತ ಹೇಳಿಕೊಂಡು ಓಡಾಡ್ತಾಳೆ. ಏನು ಮಾಡ್ತಾನೆ ಅಂತ ಯಾರಾದರೂ ಕೇಳಿದರೆ? ಫ್ಯಾನ್ ಎಣಿಸ್ತಾನೆ. ಅದೂ ಸರಿಯಾಗಿ ಬರಲ್ಲ ಅಂತೆ.

ಇಷ್ಟಕ್ಕೇ ಮುಗಿದಿಲ್ಲ. ಹೊರಡುವಾಗ ವಕೀಲರು, "ಮುಂದಿನ ವಾರದಿಂದ ಕನ್ನಡದಲ್ಲೂ ಕರಾರು ಬೇಕು, ಉಪಷರತ್ತಿಗೆ ಅ, ಆ, ಇ ಹಾಕಿಸಿ" ಅಂದರು. ಬಾಸ್ "ಅದೇನ್ ಮಹಾ ಸಾರ್, ಆಗುತ್ತೆ" ಅಂದುಬಿಟ್ಟರು. ಆಗುತ್ತೆ? ಆ ಸ್ಟ್ಯಾಂಡರ್ಡಲ್ಲಿ ನಂಬರ್ ಫಾರ್ಮ್ಯಾಟ್‌ಗಳ ಪಟ್ಟಿ ಇದೆ. ರೋಮನ್ ಇದೆ, ಥಾಯ್ ಇದೆ, ಹೀಬ್ರೂ ಇದೆ. ಹಿಂದಿಗಂತೂ ಸ್ವರ ಬೇರೆ, ವ್ಯಂಜನ ಬೇರೆ, ಅಂಕಿ ಬೇರೆ. ಕನ್ನಡಕ್ಕೆ ಒಂದೂ ಇಲ್ಲ. ಅ, ಆ, ಇ ಇಲ್ಲ. ೧, ೨, ೩ ಕೂಡ ಇಲ್ಲ.

ಯಾರಾದರೂ ಇದನ್ನು ಮಾಡಿದ್ದೀರಾ? ವರ್ಡಲ್ಲಿ, ಕೋಡಿಂದ, ಕನ್ನಡ ಅಕ್ಷರದ ಪಟ್ಟಿ, ಮಧ್ಯೆ ಒಂದು ಸಾಲು ಸೇರಿಸಿದರೆ ತಾನಾಗೇ ಸರಿಹೋಗುವಂಥದ್ದು? ಮಾಡಿದ್ದರೆ ದಯವಿಟ್ಟು ಹೇಳಿ, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ. ಕೈಯಲ್ಲೇ ಟೈಪ್ ಮಾಡು ಅಂತ ಮಾತ್ರ ಹೇಳಬೇಡಿ. ಅದನ್ನು ಲಿಫ್ಟಲ್ಲಿ ಬಾಸ್ ಆಗಲೇ ಹೇಳಿಯಾಯ್ತು.