ಹಂಚಿಕೊಂಡು ಬಾಳುವ ಊರನ್ನು ಕಟ್ಟಬಹುದೇ?

ಪರ

ಫ್ರಾನ್ಸಿನ ಗ್ವೀಜ್ ಪಟ್ಟಣದಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ದೊಡ್ಡ ವಸತಿ ಸಮುಚ್ಚಯವೊಂದಿದೆ. ಅದರ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಗಾಜಿನ ಚಾವಣಿ. ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು, ಎಲ್ಲ ಮನೆಗಳ ಬಾಗಿಲೂ ಒಂದೇ ಮೊಗಸಾಲೆಗೆ. ನಮ್ಮ ತೊಟ್ಟಿಮನೆಯನ್ನೇ ಹಿಗ್ಗಿಸಿ ಎತ್ತರಿಸಿದ ಹಾಗೆ. 1859ರಲ್ಲಿ ಇದನ್ನು ಕಟ್ಟಲು ತೊಡಗಿದ ಗೊದ್ಯಾಂ ಬೀಗ ಮಾಡುವವನ ಮಗ. ಕಬ್ಬಿಣದ ಒಲೆ ತಯಾರಿಸಿ ಸಿರಿವಂತನಾದವನು. ಜನ ಒಟ್ಟಾಗಿ ದುಡಿದು ಒಂದೇ ಸೂರಿನಡಿ ಬಾಳುವ ಕನಸು ಕಂಡ ಫ್ರೆಂಚ್ ಚಿಂತಕ ಫೂರಿಯೆಯ ವಿಚಾರಗಳು ಅವನ ತಲೆ ಹೊಕ್ಕಿದ್ದವು. ಪ್ರತಿ ಮಹಡಿಗೂ ನೀರು, ಕೂಸುಗಳಿಗೆ ಶಿಶುವಿಹಾರ, ಮಕ್ಕಳಿಗೆ ಶಾಲೆ, ಒಂದು ರಂಗಮಂದಿರ, ಕಾರ್ಖಾನೆಯ ಬಿಸಿಯಿಂದ ಕಾದ ನೀರಿನ ಈಜುಕೊಳ. 1880ರಲ್ಲಿ ಕಾರ್ಖಾನೆ ದುಡಿಯುವವರ ಸಂಘಕ್ಕೇ ಸೇರುವಂತೆ ಏರ್ಪಾಡು ಮಾಡಿದ. ಆ ಸಂಘ ಬಾಳಿದ್ದು 1968ರವರೆಗೆ.

ಇದನ್ನು ಹಗಲುಗನಸು ಎನ್ನುವವರು ಆ ಎಂಬತ್ತೆಂಟು ವರ್ಷಗಳಿಗೆ ಉತ್ತರ ಹೇಳಬೇಕು. ಅದಕ್ಕೂ ಮೊದಲು, ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ನೂಲಿನ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಬಿಡಿಸಿ ಶಾಲೆಗೆ ಕೂರಿಸಿದ್ದ. ಅಮೆರಿಕದ ಹತ್ತಿ ಬಾರದೆ ಗಿರಣಿ ನಾಲ್ಕು ತಿಂಗಳು ನಿಂತಾಗಲೂ ಪೂರ್ತಿ ಕೂಲಿ ಕೊಟ್ಟ. ದುಡಿಯುವವನ ಮನೆ, ಮಗು, ಮನರಂಜನೆ ಎಲ್ಲವೂ ಊರಿನ ಹೊಣೆ ಎಂದು ಮಾಡಿ ತೋರಿಸಿದವರು ಇವರು.

ವಿರೋಧ

ಒಪ್ಪಿದೆ. ಆದರೆ ಗ್ವೀಜ್ ಉಂಡದ್ದು ಪೇಟೆಯಲ್ಲಿ ಒಲೆ ಮಾರಿ, ನ್ಯೂ ಲ್ಯಾನಾರ್ಕ್ ಉಂಡದ್ದು ನೂಲು ಮಾರಿ. ಎರಡೂ ಸ್ವಾವಲಂಬಿ ಊರುಗಳಲ್ಲ, ಒಳ್ಳೆಯ ಯಜಮಾನ ಸಿಕ್ಕಿದ ಕಾರ್ಖಾನೆಗಳು. ನ್ಯೂ ಲ್ಯಾನಾರ್ಕ್‌ನಲ್ಲಿ ಪ್ರತಿ ಕೆಲಸಗಾರನ ಪಕ್ಕ ನಾಲ್ಕು ಬಣ್ಣದ ಮರದ ತುಂಡೊಂದು ತೂಗುತ್ತಿತ್ತು. ನಿನ್ನೆ ಚೆನ್ನಾಗಿ ದುಡಿದಿದ್ದರೆ ಬಿಳಿ ಮುಖ ಹೊರಕ್ಕೆ, ಕೆಟ್ಟದಾಗಿ ದುಡಿದಿದ್ದರೆ ಕಪ್ಪು. ಬೈಗುಳಕ್ಕಿಂತ ಮೇಲು ಅನ್ನಿ. ಆದರೂ ಆ ತುಂಡನ್ನು ತಿರುಗಿಸುವ ಕೈ ಕೆಲಸಗಾರನದಲ್ಲ.

ಇಡೀ ಊರೇ ಒಟ್ಟಾಗಿ ಬಾಳಲಿ ಎಂದು ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿಯನ್ನು ಕೊಂಡ. ಮೊದಲು ಅಲ್ಲಿದ್ದ ಧಾರ್ಮಿಕ ಪಂಥದವರು ಮನೆ, ಹೊಲ, ಗಿರಣಿ ಎಲ್ಲವನ್ನೂ ಸಜ್ಜಾಗಿ ಬಿಟ್ಟುಹೋಗಿದ್ದರು. ಬನ್ನಿ ಎಂದು ಕರೆದದ್ದೇ ತಡ, ನೂರಾರು ಜನ ಬಂದರು. ಮಾತು ಬಲ್ಲವರು ಧಾರಾಳ, ಯಂತ್ರ ನಡೆಸಬಲ್ಲ ನುರಿತ ಕೈಗಳು ಸಾಲದು. ಓವೆನ್ ಊರು ಬಿಟ್ಟು ತಿಂಗಳುಗಟ್ಟಲೆ ಹೊರಗಿದ್ದ. ಯಾರು ಎಷ್ಟು ದುಡಿದರು, ಯಾರು ಎಷ್ಟು ಉಂಡರು ಎಂಬ ಲೆಕ್ಕವೇ ಜಗಳವಾಯಿತು. ಕಟ್ಟಳೆಗಳನ್ನು ಮತ್ತೆ ಮತ್ತೆ ತಿದ್ದಿ ಬರೆದರು. 1827ರ ಹೊತ್ತಿಗೆ ಎಲ್ಲ ಮುಗಿದಿತ್ತು, ಓವೆನ್‌ನ ಆಸ್ತಿಯ ಬಹುಪಾಲೂ ಕರಗಿತ್ತು. ಇದು ಜನರ ಕೆಟ್ಟತನವಲ್ಲ. ಒಟ್ಟಿಗೆ ದುಡಿದು ಪರಸ್ಪರ ನಂಬಿಕೆ ಕೂಡುವ ಮೊದಲೇ ಎಲ್ಲವನ್ನೂ ಹಂಚಿಕೊಳ್ಳಿ ಅಂದರೆ ಯಾವ ಊರೂ ತಡೆಯದು.

ಸಹಕಾರ ನಿಜಕ್ಕೂ ಬೇರುಬಿಟ್ಟದ್ದು ಬೇರೆ ದಾರಿಯಲ್ಲಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ 28 ಜನ ತಮ್ಮದೇ ಪುಡಿಗಾಸು ಕೂಡಿಸಿ ಅಂಗಡಿ ತೆರೆದರು: ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ. ಅವರಲ್ಲೂ ಓವೆನ್‌ನ ಅಭಿಮಾನಿಗಳಿದ್ದರು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ರೈತರ ಸಹಕಾರ ಸಂಘಕ್ಕೂ ಹೊಸ ಊರು ಬೇಕಾಗಲಿಲ್ಲ. ರೈತ ತನ್ನ ಮನೆಯಲ್ಲೇ ಉಳಿದ, ತನ್ನ ಹೊಲವನ್ನೇ ಉತ್ತ. ಸಾಲಕ್ಕೆ ಮಾತ್ರ ಸಾಹುಕಾರನ ಬಾಗಿಲು ಬಿಟ್ಟು ತನ್ನದೇ ಸಂಘಕ್ಕೆ ಹೋದ.